ಹೋತದ ಕೊಂಬಿಗೆ ಹಾರ್ಮೋನಿಯಂ ಕಲಿಸಲು ಹೋಗಬೇಡಿ

ಪ್ರಶ್ನೆ: ಸರ್, ನಾನು ಹವ್ಯಾಸಕ್ಕೆ ಕೊಳಲು ನುಡಿಸುತ್ತೇನೆ. ನಾರ್ವೆಯಲ್ಲಿರುವ ಮಗಳು ಈ ಸಲ ಊರಿಗೆ ಬರುವಾಗ ಬುಕ್ಕೆಹೋರ್ನ್ ಅಂತ ಒಂದು ಹೋತದ ಕೊಂಬು ತಂದುಕೊಟ್ಟಳು. ನಾಲ್ಕು ತೂತುಗಳಿವೆ. ಮೊದಲು ಬರೀ ಗಾಳಿ ಬರುತ್ತಿತ್ತು, ಈಗ ಹೇಗೋ ಸದ್ದು ಬರುತ್ತಿದೆ. ಆದರೆ ಸ್ವರಗಳು ಹಾರ್ಮೋನಿಯಂಗೂ ಸೇರುವುದಿಲ್ಲ, ಫೋನಿನ ಟ್ಯೂನರ್‌ಗೂ ಸೇರುವುದಿಲ್ಲ. ಒಂದೇ ತೂತಿನಲ್ಲಿ ಒಂದೊಂದು ಸಲ ಒಂದೊಂದು ಸ್ವರ. ಕೊಂಬೇ ಸರಿ ಇಲ್ಲವೋ, ನಾನು ಊದುವುದು ತಪ್ಪೋ? ಅಲ್ಲಿಯ ಜನಪದ ಧಾಟಿಗಳನ್ನು ಇದರಲ್ಲಿ ನುಡಿಸಬಹುದಾ? ನಮ್ಮಲ್ಲಿ ಸಿಗುವ ಆಡಿನ ಕೊಂಬಿನಿಂದ ಇನ್ನೊಂದು ಮಾಡಿಕೊಳ್ಳಬಹುದಾ?

ಉತ್ತರ: ಕೊಂಬು ಹೆಚ್ಚುಕಮ್ಮಿ ಸರಿಯಾಗಿಯೇ ಇದೆ. ಒಂದೇ ತೂತಿನಲ್ಲಿ ಸ್ವರ ಮೇಲೆ ಕೆಳಗೆ ಓಡಾಡುತ್ತದೆ ಅಂದಿರಲ್ಲ, ಬುಕ್ಕೆಹೋರ್ನ್ ಸ್ವಭಾವವೇ ಅದು. ಆದರೂ ಮೊದಲು ಒಂದು ಪರೀಕ್ಷೆ ಮಾಡಿಬಿಡಿ. ನಾಲ್ಕೂ ತೂತುಗಳನ್ನು ಬೆರಳಿನಿಂದ ಮುಚ್ಚಿ, ಅಗಲವಾದ ಬಾಯಿಗೆ ಮನೆಯವರೊಬ್ಬರು ಅಂಗೈ ಒತ್ತಿ ಹಿಡಿಯಲಿ, ನೀವು ಊದುವ ತುದಿಯಿಂದ ಗಾಳಿ ಹೀರಿ. ಕೊಂಬು ತುಟಿಗೆ ಕಚ್ಚಿಕೊಂಡಂತೆ ಹಿಡಿದರೆ ಎಲ್ಲೂ ಸೋರಿಕೆ ಇಲ್ಲ. ಗಾಳಿ ಸರಾಗವಾಗಿ ಬಂದರೆ ಎಲ್ಲೋ ಸೀಳಿದೆ ಅಂತ ಅರ್ಥ. ಆಗ ಕತ್ತಲೆಯಲ್ಲಿ ಒಳಗೆ ಸಣ್ಣ ಟಾರ್ಚ್ ಬಿಟ್ಟು ನೋಡಿ. ತೆಳುವಾದ ಕಡೆ ಕೊಂಬಿನಿಂದ ಬೆಳಕು ಹಾಯುತ್ತದೆ, ಸೀಳು ಗೆರೆಯಾಗಿ ಕಾಣುತ್ತದೆ. ಅದಕ್ಕೆ ಜೇನುಮೇಣ ತುಂಬಿದರೆ ಸಾಕು.

ಇನ್ನು ಸ್ವರ ಯಾಕೆ ಅಲೆಯುತ್ತದೆ ಅನ್ನುವುದು. ಕೊಳಲಿನಲ್ಲಿ ಸ್ವರವನ್ನು ನಿರ್ಧರಿಸುವುದು ಕೊಳವೆ, ತುಟಿ ಬರೀ ಅಷ್ಟಿಷ್ಟು ತಿದ್ದುತ್ತದೆ. ಕೊಂಬಿನಲ್ಲಿ ನಿಮ್ಮ ತುಟಿಯೇ ಅದುರಿ ಸದ್ದು ಹುಟ್ಟಿಸುತ್ತದೆ. ಕೊಳವೆ ಆ ಅದುರುವಿಕೆಯನ್ನು ತನ್ನ ಸ್ವರದ ಕಡೆಗೆ ಎಳೆದುಕೊಳ್ಳುತ್ತದೆ. ಉದ್ದವಾದ, ಒಳಗೆ ನುಣುಪಾದ ಹಿತ್ತಾಳೆ ಕಹಳೆಯಾದರೆ ಆ ಎಳೆತ ಜೋರಾಗಿರುತ್ತದೆ. ಹೋತದ ಕೊಂಬು ಗಿಡ್ಡ, ಬಾಗಿದೆ, ಒಳಗೆ ಒರಟು, ಅದರ ಬಾಯಿಯೂ ಗುಂಡಗಿಲ್ಲ, ಚಪ್ಪಟೆ. ಅದಕ್ಕೆ ಹಿಡಿತ ಕಡಿಮೆ. ತುಟಿ ಸ್ವಲ್ಪ ಬಿಗಿದರೆ ಸ್ವರ ಏರುತ್ತದೆ, ಸಡಿಲ ಮಾಡಿದರೆ ಇಳಿಯುತ್ತದೆ, ಬೆರಳು ಮಾತ್ರ ಇದ್ದಲ್ಲೇ ಇರುತ್ತದೆ. ಹೊಸಬರಿಗೆ ಇದು ಕಾಟ. ಪಳಗಿದವರಿಗೆ ಇದೇ ಈ ವಾದ್ಯದ ಸಂಪತ್ತು, ಯಾಕೆಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಕೊನೆಯಲ್ಲಿ ಸ್ವರವನ್ನು ಮೆಲ್ಲಗೆ ಇಳಿಬಿಡುವುದು, ಎಲ್ಲವೂ ಇದರಿಂದಲೇ ಬರುತ್ತದೆ.

ಎಷ್ಟು ಸ್ವರ ಸಿಗಬೇಕು ಅಂತಲೂ ತಿಳಿದುಕೊಂಡರೆ ಒಳ್ಳೆಯದು. ಕೊಂಬಿನ ಉದ್ದ 40–45 ಸೆಂಟಿಮೀಟರ್ ಇದ್ದರೆ, ಎಲ್ಲ ತೂತು ಮುಚ್ಚಿದಾಗ ಬರುವ ತಳದ ಸ್ವರ ಸುಮಾರು 360ರಿಂದ 410 ಹರ್ಟ್ಸ್ ಸುತ್ತಮುತ್ತ ಇರುತ್ತದೆ. ಅಗಲ ಬಾಯಿಯ ಕಡೆಯಿಂದ ಒಂದೊಂದೇ ತೂತು ತೆರೆಯುತ್ತಾ ಬಂದರೆ ಅದರ ಮೇಲೆ ನಾಲ್ಕು ಸ್ವರ. ಒಟ್ಟು ಐದು. ಬಾಯಿಯನ್ನು ಅಂಗೈಯಿಂದ ಅರ್ಧ ಮುಚ್ಚಿದರೆ ಕೆಳಗೆ ಇನ್ನೊಂದು. ಕೊಳಲಿನಲ್ಲಿ ಜೋರಾಗಿ ಊದಿ ಮೇಲಿನ ಸ್ಥಾಯಿಗೆ ಹಾರುತ್ತೀರಲ್ಲ, ಆ ಆಸೆಯನ್ನು ಇಲ್ಲಿ ಸದ್ಯಕ್ಕೆ ಬಿಟ್ಟುಬಿಡಿ. ಮೇಲೆ ಸ್ವರ ಇದೆ, ಆದರೆ ತುಟಿಯನ್ನು ಅಷ್ಟು ವೇಗವಾಗಿ ಅದುರಿಸುವುದು ಕಷ್ಟ. ಅದನ್ನು ಹಿಡಿಯಲು ಹೋಗಿ ತುಟಿ ಊದಿಸಿಕೊಂಡವರೇ ಜಾಸ್ತಿ. ಹಳೆಯ ಧಾಟಿಗಳಿಗೆ ಅದು ಬೇಕಾಗಿಯೂ ಇಲ್ಲ.

ಕೊಳಲು ನುಡಿಸುವವರು ಇಲ್ಲಿ ಎರಡು ಅಭ್ಯಾಸ ಬಿಡಬೇಕಾಗುತ್ತದೆ. ಒಂದು, ತುಟಿಗಳ ನಡುವೆ ಸಂದು ಬಿಟ್ಟು ಗಾಳಿ ಹಾಯಿಸುವುದು. ಕೊಂಬಿಗೆ ತುಟಿಗಳು ಪೂರ್ತಿ ಮುಚ್ಚಿರಬೇಕು, ಗಾಳಿ ಒಳಗಿನಿಂದ ಒತ್ತಿ ಅವನ್ನು ಬೇರ್ಪಡಿಸಬೇಕು. ಎರಡನೆಯದು, ಸದ್ದು ಬರದಿದ್ದಾಗ ಕೊಂಬನ್ನು ಬಾಯಿಗೆ ಗಟ್ಟಿಯಾಗಿ ಒತ್ತುವುದು. ಒತ್ತಿದಷ್ಟೂ ತುಟಿಗೆ ಅದುರಲು ಜಾಗವಿಲ್ಲ. ಮೊದಲು ಕೊಂಬಿಲ್ಲದೆಯೇ ತುಟಿ ಮುಚ್ಚಿ ಬರ್ರ್ ಅಂತ ಅದುರಿಸಿ, ಮೂಲೆಗಳು ಬಿಗಿ, ನಡುವೆ ಸಡಿಲ, ಕೆನ್ನೆ ಉಬ್ಬಬಾರದು. ಅದು ನಿಂತ ಮೇಲೆ ಕೊಂಬನ್ನು ಮೆಲ್ಲಗೆ ತಂದು ತಾಗಿಸಿ. ಬುಕ್ಕೆಹೋರ್ನ್‌ಗೆ ಬೇರೆ ಊದುಬಾಯಿ ಇರುವುದಿಲ್ಲ. ಕೊಂಬಿನ ತುದಿಯನ್ನೇ ಕತ್ತರಿಸಿ, ಸಣ್ಣ ಬಟ್ಟಲಿನಂತೆ ಕೊರೆದಿರುತ್ತಾರೆ. ಅದು ತೀರಾ ಚಿಕ್ಕದು, ಹಾಗಾಗಿ ಕೆಲವರಿಗೆ ಬಾಯಿಯ ನಡುವಿಗಿಂತ ಒಂದು ಪಕ್ಕಕ್ಕೆ, ತುಟಿ ತೆಳುವಾಗಿರುವ ಕಡೆ ಇಟ್ಟರೆ ಸುಲಭವಾಗುತ್ತದೆ. ಎರಡೂ ಮಾಡಿ ನೋಡಿ. ಅಂಚು ಚೂಪಾಗಿದ್ದರೆ ನಯವಾದ ಮರಳು ಕಾಗದದಿಂದ ಉಜ್ಜಿ. ದಿನಕ್ಕೆ ಹತ್ತು ನಿಮಿಷ ಸಾಕು, ತುಟಿ ದಣಿದ ಮೇಲೆ ಊದಿದರೆ ಕಲಿಯುವುದು ಕೆಟ್ಟ ಅಭ್ಯಾಸ ಮಾತ್ರ.

ತುಟಿಯ ಈ ಕೆಲಸ ಕಲಿಯಲು ನಾರ್ವೆಗೇ ಹೋಗಬೇಕಾಗಿಲ್ಲ. ಕೊಡಗಿನಲ್ಲಿ ಕೊಂಬು ಊದುವವರು, ನಮ್ಮ ಜಾತ್ರೆಗಳಲ್ಲಿ ಕಹಳೆ ಹಿಡಿಯುವವರು ಮಾಡುವುದೂ ಇದನ್ನೇ. ಅವರ ವಾದ್ಯ ಲೋಹದ್ದು, ಉದ್ದ, ತೂತುಗಳಿಲ್ಲ, ಸಂಗೀತವೂ ಬೇರೆ. ಆದರೆ ತುಟಿ, ಹೊಟ್ಟೆ, ಉಸಿರು ಮೂರನ್ನೂ ಹೇಗೆ ಸೇರಿಸಬೇಕು ಅನ್ನುವುದನ್ನು ಅಂಥವರೊಬ್ಬರ ಪಕ್ಕ ಕೂತು ನೋಡಿದರೆ ವಿಡಿಯೋಗಳಿಗಿಂತ ಬೇಗ ಹಿಡಿಯುತ್ತದೆ.

(ನಾಲಿಗೆ ಕಟ್ಟಿದ ಕೊಂಬುಗಳೂ ಇವೆ. ತುದಿಯಲ್ಲಿ ತೆಳುವಾದ ಮರದ ಚಕ್ಕೆ ಕಟ್ಟಿರುತ್ತಾರೆ, ಅದು ಕ್ಲಾರಿನೆಟ್‌ನಂತೆ ನುಡಿಯುತ್ತದೆ. ನಿಮಗೆ ಮೊದಲು ಬರೀ ಗಾಳಿ ಬಂತು ಅಂದರೆ ನಿಮ್ಮದು ತುಟಿಯಿಂದ ಊದುವಂಥದ್ದೇ.)

ಈಗ ಹಾರ್ಮೋನಿಯಂ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಕೊಂಬು ಕೊಂಡವರಲ್ಲಿ ಹೆಚ್ಚಿನವರು ಅದನ್ನು ಗೋಡೆಗೆ ನೇತುಹಾಕುವುದು ಈ ಒಂದೇ ಕಾರಣಕ್ಕೆ. ಹಳೆಯ ಕೊಂಬುಗಳ ತೂತುಗಳನ್ನು ಯಾವುದೋ ಸ್ವರಪಟ್ಟಿ ನೋಡಿ ಕೊರೆದದ್ದಲ್ಲ. ಬೆರಳು ಆರಾಮಾಗಿ ಎಲ್ಲಿ ಕೂರುತ್ತದೋ ಅಲ್ಲಿ ಕೊರೆದರು. ಪ್ರತಿ ಹೋತದ ಕೊಂಬೂ ಬೇರೆ ಬಾಗು, ಬೇರೆ ಒಳಹೊಟ್ಟೆ. ಹಾಗಾಗಿ ಎರಡು ಕೊಂಬುಗಳ ಸ್ವರಗಳು ಒಂದೇ ಥರ ಇರುವುದಿಲ್ಲ. ನಾರ್ವೆ, ಸ್ವೀಡನ್‌ನ ಹಳೆಯ ದನಗಾಹಿ ಸಂಗೀತದಲ್ಲಿ ಮೂರನೆಯ ಸ್ವರ ಎಷ್ಟೋ ಸಲ ನಮ್ಮ ಸಾಧಾರಣ ಗಾಂಧಾರಕ್ಕೂ ಅದಕ್ಕಿಂತ ಎತ್ತರದ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಹಾಡುವವರೂ ಹಾಗೇ ಹಾಡುತ್ತಾರೆ. ಪಿಯಾನೋ ಕಿವಿಗೆ ಅದು ತಪ್ಪು ಅನ್ನಿಸುತ್ತದೆ. ಅಲ್ಲಿಯ ಕಿವಿಗೆ ಅದೇ ಆ ಧಾಟಿಯ ಜೀವ. ಹಾರ್ಮೋನಿಯಂ ಕೊಡುವ ಎರಡು ಗಾಂಧಾರಗಳ ಪೈಕಿ ಯಾವುದನ್ನಾದರೂ ಒಂದನ್ನು ತುಟಿಯಿಂದ ಎಳೆದು ತಂದರೆ ಕೊಂಬು ಒಂದು ಬಡಪಾಯಿ ಟ್ರಂಪೆಟ್ ಆಗಿಬಿಡುತ್ತದೆ, ಅಲ್ವಾ? ದಯವಿಟ್ಟು ಅದನ್ನು ಮಾಡಬೇಡಿ.

ಅದರ ಬದಲು ಹೀಗೆ ಮಾಡಿ. ಎಲ್ಲ ತೂತು ಮುಚ್ಚಿ ತಳದ ಸ್ವರವನ್ನು ಆರಾಮಾಗಿ ಊದಿ, ತುಟಿ ಬಿಗಿಯದೆ, ಸಡಿಲಿಸದೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಫೋನಿನ ತಂಬೂರಿಯನ್ನು ಹೊಂದಿಸಿ. ಕೊಂಬನ್ನು ತಂಬೂರಿಗೆ ಹೊಂದಿಸುವುದಲ್ಲ. ಆ ಶ್ರುತಿಯ ಮೇಲೆ ಒಂದೊಂದೇ ತೂತು ತೆರೆದು ಉದ್ದಕ್ಕೆ ಊದುತ್ತಾ ಹೋಗಿ, ಪ್ರತಿ ಸ್ವರ ತಾನಾಗಿ ಎಲ್ಲಿ ತುಂಬಿ ಬರುತ್ತದೆ ಅಂತ ಕೇಳಿಸಿಕೊಳ್ಳಿ. ಅಲ್ಲಿಯ ದನಗಾಹಿಗಳು ತಂಬೂರಿ ಇಟ್ಟುಕೊಳ್ಳುತ್ತಿರಲಿಲ್ಲ, ಇದು ನಮ್ಮ ಕಿವಿಗೆ ಅನುಕೂಲವಾಗಲಿ ಅಂತ ನಾನು ಹೇಳುವ ದಾರಿ. ಶ್ರುತಿಯ ಜೊತೆ ಬೆಳೆದವರು ಕೊಂಬಿನ ಆ ನಡುವಿನ ಗಾಂಧಾರಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ ಅನ್ನುವುದು ನಾನು ಮತ್ತೆ ಮತ್ತೆ ಕಂಡದ್ದು.

ಇನ್ನು ಏನು ನುಡಿಸಬೇಕು ಅಂದಿರಿ. ಇದಕ್ಕೆ ಉತ್ತರ ಬೇಕಾದರೆ ಕೊಂಬು ಎಲ್ಲಿ ಬದುಕಿತ್ತು ಅಂತ ನೋಡಬೇಕು. ಬೇಸಿಗೆಯಲ್ಲಿ ದನ ಮೇಯಿಸುವ ಬೆಟ್ಟದ ಬಿಡಾರಕ್ಕೆ ನಾರ್ವೆಯಲ್ಲಿ ಸೇತರ್, ಸ್ವೀಡನ್ನಿನಲ್ಲಿ ಫೇಬೂದ್ ಅನ್ನುತ್ತಾರೆ. ಬೇಸಿಗೆ ಬಂದು ಬೆಟ್ಟದ ಮೇಲೆ ಹುಲ್ಲು ಚಿಗುರಿದ ಮೇಲೆ ದನ, ಆಡು, ಕುರಿಗಳನ್ನು ಊರಿನಿಂದ ದೂರದ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಊರಿನ ಹತ್ತಿರದ ಹುಲ್ಲನ್ನು ಚಳಿಗಾಲಕ್ಕೆ ಕೊಯ್ದು ಒಣಗಿಸಬೇಕಿತ್ತು, ಅದನ್ನು ದನ ಮೇಯುವಂತಿಲ್ಲ. ಮೇಲಿನ ಗುಡಿಸಲುಗಳಲ್ಲಿ ಬೇಸಿಗೆಯಿಡೀ ಇರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಹುಡುಗಿಯರು, ಮಕ್ಕಳು. ಹಾಲು ಕರೆಯುವುದು, ಬೆಣ್ಣೆ ಕಡೆಯುವುದು, ಚೀಸ್ ಮಾಡುವುದು, ಹಗಲೆಲ್ಲ ಕಾಡಿನಲ್ಲಿ ದನದ ಹಿಂದೆ ತಿರುಗುವುದು. ಆ ಕಾಡಿನಲ್ಲಿ ಕರಡಿ, ತೋಳ ಇದ್ದವು. ಬೇಲಿ ಇರಲಿಲ್ಲ.

ಕೊಂಬು ಅವರ ಕೈಯಲ್ಲಿದ್ದದ್ದು ಇದಕ್ಕೆ. ಕರಡಿ, ತೋಳ ಹತ್ತಿರ ಬಾರದಂತೆ ಆಗಾಗ ಊದಬೇಕು. ಸಂಜೆ ದನಗಳನ್ನು ಕರೆಯಬೇಕು. ಪಕ್ಕದ ಗುಡ್ಡದಲ್ಲಿರುವ ಇನ್ನೊಬ್ಬಳಿಗೆ ಹಸು ಕಳೆದಿದೆ, ಸಿಕ್ಕಿದೆ, ಇಲ್ಲಿ ಅಪಾಯ ಇದೆ ಅಂತ ತಿಳಿಸಬೇಕು. ಬೇರೆ ಬೇರೆ ಸುದ್ದಿಗೆ ಬೇರೆ ಬೇರೆ ಧಾಟಿ ಇದ್ದವು. ಕೊಂಬಿನ ಜೊತೆಗೆ ಲೂರ್ ಅನ್ನುವ ಉದ್ದ ಕಹಳೆಯೂ ಇತ್ತು, ಮರವನ್ನು ಎರಡಾಗಿ ಸೀಳಿ, ಒಳಗೆ ಕೊರೆದು, ಮತ್ತೆ ಸೇರಿಸಿ, ಬರ್ಚ್ ಮರದ ತೊಗಟೆ ಸುತ್ತಿ ಮಾಡುವಂಥದ್ದು. ಕುಲ್ನಿಂಗ್ ಅನ್ನುವ ಎತ್ತರದ ದನಿಯ ಕೂಗೂ ಇತ್ತು. ಸ್ವೀಡನ್ನಿನಲ್ಲಿ ಹೋತದ ಕೊಂಬಿಗಿಂತ ಹಸುವಿನ ಕೊಂಬು ಜಾಸ್ತಿ ಬಳಕೆಯಲ್ಲಿತ್ತು, ನುಡಿಸುವ ರೀತಿ ಬಹುಪಾಲು ಒಂದೇ.

ಈ ಸಂಗೀತದ ಬೆನ್ನಿಗೆ ಒಂದು ಕತೆ ನಾರ್ವೆ, ಸ್ವೀಡನ್ ಎರಡೂ ಕಡೆ ಹರಡಿಕೊಂಡಿದೆ. ಬೆಟ್ಟದ ಮೇಲೆ ಒಂಟಿಯಾಗಿದ್ದ ಹುಡುಗಿಯ ಮೇಲೆ ಹನ್ನೆರಡು ಜನ ಕಳ್ಳರು ಬೀಳುತ್ತಾರೆ. ನಾಯಿಯನ್ನು ಕೊಲ್ಲುತ್ತಾರೆ, ದನ ಹೊಡೆದುಕೊಂಡು ಹೋಗಲು ನೋಡುತ್ತಾರೆ. ಅವಳು ಕೊನೆಯದಾಗಿ ಒಂದು ಸಲ ನನ್ನ ಕೊಂಬು ಊದಲು ಬಿಡಿ ಅಂತ ಕೇಳಿಕೊಳ್ಳುತ್ತಾಳೆ. ಬಿಡುತ್ತಾರೆ. ಅವಳು ಊದಿದ ಧಾಟಿಯಲ್ಲೇ ಸುದ್ದಿ ಇರುತ್ತದೆ, ಕಾಡಿನಲ್ಲಿ ಹನ್ನೆರಡು ಜನ ಇದ್ದಾರೆ, ನಾಯಿ ಹೋಯಿತು, ಬೇಗ ಬನ್ನಿ ಅಂತ. ಕೆಳಗಿನ ಊರಿನವರು ಕೇಳಿ ಓಡಿ ಬರುತ್ತಾರೆ. ಈ ಕತೆಯ ಧಾಟಿಗಳು ಊರಿಗೊಂದು ರೂಪದಲ್ಲಿ ಇವೆ, ಮಾತಿನ ಲಯವನ್ನೇ ಕೊಂಬಿಗೆ ಇಳಿಸಿದ್ದಾರೆ. ಕೊಂಬಿನ ಸಂಗೀತ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕತೆಯನ್ನೇ. ಅದು ದೂರದಲ್ಲಿರುವ ಒಬ್ಬರಿಗೆ ಏನೋ ಹೇಳುವ ಸಂಗೀತ. ಸಭೆಗೆ ಕೂತು ನುಡಿಸಲು ಹುಟ್ಟಿದ್ದಲ್ಲ.

ಇದೇ ಥರದ ಇನ್ನೊಂದು ಹೆಸರು ನಾರ್ವೆಯಲ್ಲಿ ಮಕ್ಕಳಿಗೂ ಗೊತ್ತು, ಪ್ರಿಲ್ಲರ್‌ಗುರಿ. 1612ರ ಆಗಸ್ಟ್‌ನಲ್ಲಿ ಸ್ವೀಡನ್ ಪರವಾಗಿ ಕೂಲಿಗೆ ಹೋರಾಡಲು ಹೊರಟಿದ್ದ ಸ್ಕಾಟ್ಲೆಂಡಿನ ಸೈನಿಕರ ಪಡೆ ಗುಡ್‌ಬ್ರಾನ್ಸ್‌ದಾಲೆನ್ ಕಣಿವೆಯಲ್ಲಿ ಬರುತ್ತಿತ್ತು. ಕ್ರಿಂಗೆನ್ ಅನ್ನುವ ಇಕ್ಕಟ್ಟಿನ ಜಾಗದಲ್ಲಿ ಅಲ್ಲಿಯ ರೈತರು ಹೊಂಚು ಹಾಕಿ ಅವರನ್ನು ಸೋಲಿಸಿದರು. ಇದು ಇತಿಹಾಸ. ಎದುರಿನ ಗುಡ್ಡದಲ್ಲಿ ನಿಂತು ಗುರಿ ಅನ್ನುವ ಹುಡುಗಿ ಕೊಂಬು ಊದಿ ಸನ್ನೆ ಕೊಟ್ಟಳು ಅನ್ನುವುದು ಜನರ ಬಾಯಿಂದ ಬಂದ ಕತೆ. ಒಟ್ಟಾ ಊರಿನಲ್ಲಿ ಅವಳ ಪ್ರತಿಮೆ ಇದೆ. ಮಗಳಿಗೆ ಆ ಕಡೆ ಹೋಗಲು ಆದರೆ ನೋಡಿಕೊಂಡು ಬರಲಿ.

ನುಡಿಸುವ ಕ್ರಮಕ್ಕೆ ಬರುತ್ತೇನೆ. ಹೊಸ ಧಾಟಿ ಹುಡುಕುವ ಮೊದಲು ಮೂರೇ ಸ್ವರ ತೆಗೆದುಕೊಳ್ಳಿ, ತಳದ್ದು ಮತ್ತು ಅದರ ಮೇಲಿನ ಎರಡು. ಒಂದು ಉಸಿರಿನಲ್ಲಿ ಮುಗಿಯುವಂಥ ಸಣ್ಣ ಕರೆ ಕಟ್ಟಿ. ಮೇಲಿನ ಸ್ವರದಲ್ಲಿ ಶುರು ಮಾಡಿ, ಅಲ್ಲೇ ಒಂದೆರಡು ಸಲ ನಾಲಿಗೆಯಿಂದ ತಟ್ಟಿ, ಕೆಳಗೆ ಇಳಿದು, ತಳದ ಸ್ವರವನ್ನು ಉದ್ದಕ್ಕೆ ಹಿಡಿಯಿರಿ. ನಿಲ್ಲಿಸಿ. ಸುಮ್ಮನೆ ಕೇಳಿ. ಮತ್ತೆ ಅದೇ ಕರೆ, ಈ ಸಲ ಕೊನೆಯನ್ನು ಸ್ವಲ್ಪ ಬದಲಿಸಿ. ನಡುವಿನ ಮೌನವೂ ಧಾಟಿಯ ಭಾಗವೇ, ಅಲ್ಲಿ ಬೆಟ್ಟ ಮರುದನಿ ಕೊಡುತ್ತದೆ, ದನದ ಗಂಟೆ ಯಾವ ಕಡೆ ಕೇಳಿತು ಅಂತ ಕಿವಿಗೊಡಬೇಕಾಗುತ್ತದೆ. ತಾಳ ಹಾಕಬೇಡಿ. ಇಲ್ಲಿ ಲಯ ಅಂದರೆ ನಿಮ್ಮ ಉಸಿರು. ನಿಮಗೆ ಕೊಳಲಿನಿಂದ ಬಂದ ಅರ್ಧ ತೂತು ಮುಚ್ಚುವ ಕೈಚಳಕ ಇಲ್ಲಿಯೂ ಕೆಲಸ ಮಾಡುತ್ತದೆ, ಆದರೆ ಜಾರುವಿಕೆಯನ್ನು ತುಟಿಯಿಂದ ಮಾಡಿ ನೋಡಿ, ಅದರ ಬನಿಯೇ ಬೇರೆ. ಗಮಕಗಳನ್ನು ತಂದು ತುಂಬಬೇಡಿ. ಅಲ್ಲಿಯವರು ಒಂದು ಸ್ವರಕ್ಕೆ ಹೋಗುವ ಮುಂಚೆ ಪಕ್ಕದ ಸ್ವರವನ್ನು ಚಿಟಿಕೆಯಷ್ಟು ಮುಟ್ಟಿ ಹೋಗುತ್ತಾರೆ, ಅಷ್ಟೇ ಅಲಂಕಾರ ಸಾಕು.

ಮತ್ತೆ ಹೊರಗೆ ಹೋಗಿ ಊದಿ. ಮನೆಯ ಕೋಣೆಯಲ್ಲಿ ಇದು ಕಿರುಚಿದಂತೆ ಕೇಳುತ್ತದೆ, ಮನೆಯವರಿಗೂ ತೊಂದರೆ. ಕೆರೆಯ ಏರಿಯೋ, ಗುಡ್ಡದ ಪಕ್ಕವೋ, ತೋಟವೋ ಆದರೆ ಅದೇ ಸದ್ದು ಬೇರೆಯಾಗುತ್ತದೆ.

ಧಾಟಿಗಳು ಬರಹದಲ್ಲೂ ಸಿಗುತ್ತವೆ. ಸ್ವೀಡನ್ನಿನ ರಿಚರ್ಡ್ ಡ್ಯುಬೆಕ್ 1846ರಲ್ಲೇ ದನಗಾಹಿ ಹಾಡುಗಳನ್ನೂ ಕೊಂಬಿನ ಧಾಟಿಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಲ್ಲಿಯ ರಾಷ್ಟ್ರಗೀತೆಯ ಸಾಲುಗಳನ್ನು ಬರೆದವರೂ ಇವರೇ. 1906ರಲ್ಲಿ ಚಿತ್ರಕಾರ ಆಂಡರ್ಸ್ ಸೋರ್ನ್ ದಾಲಾರ್ನಾದ ಗೆಸುಂಡಾದಲ್ಲಿ ಹಳ್ಳಿ ವಾದಕರ ಸ್ಪರ್ಧೆ ನಡೆಸಿದರು, ಹಳೆಯ ವಾದ್ಯಗಳು ಕಣ್ಣೆದುರೇ ಮಾಯವಾಗುತ್ತಿವೆ ಅನ್ನುವ ಕಾಳಜಿ ಅದರ ಹಿಂದಿತ್ತು. ನಾರ್ವೆಯಲ್ಲಿ ಪ್ರತಿ ವರ್ಷ ನಡೆಯುವ ಲಾಂಡ್ಸ್‌ಕಪ್‌ಲೇಕೆನ್ ಸ್ಪರ್ಧೆಯಲ್ಲಿ ಹಳೆಯ ಜನಪದ ವಾದ್ಯಗಳಿಗೆ ಬೇರೆಯೇ ವಿಭಾಗ ಇದೆ, ಹೋತದ ಕೊಂಬು ಹಿಡಿದು ಬರುವವರನ್ನು ಅಲ್ಲಿ ಕೇಳಬಹುದು. ನಾರ್ವೆ, ಸ್ವೀಡನ್ ಸೇರಿ ಸಲ್ಲಿಸಿದ್ದ ಬೇಸಿಗೆ ಗೋಮಾಳದ ಈ ಬದುಕನ್ನು ಯುನೆಸ್ಕೋ 2024ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಬರಹದ ಸ್ವರಲಿಪಿಯನ್ನು ನಂಬಿ ಕೂರಬೇಡಿ, ಅದರಲ್ಲಿ ಆ ನಡುವಿನ ಸ್ವರಗಳು ಕಾಣುವುದಿಲ್ಲ. ಕೇಳಿ ಕಲಿಯಿರಿ. ಈಗಿನವರಲ್ಲಿ ಕಾರ್ಲ್ ಸೆಗ್ಲೆಮ್ ಅವರಿಂದ ಶುರು ಮಾಡಬಹುದು. ಸ್ಯಾಕ್ಸೊಫೋನ್ ವಾದಕರು, ಹೋತದ ಕೊಂಬನ್ನು ಜಾಝ್ ಜೊತೆ ನುಡಿಸುತ್ತಾರೆ. ಅದು ಹಳೆಯ ಸೇತರ್ ಸಂಗೀತ ಅಲ್ಲ, ಆದರೆ ಐದಾರು ಸ್ವರಗಳಿಂದ ಎಷ್ಟು ದೂರ ಹೋಗಬಹುದು ಅಂತ ಗೊತ್ತಾಗುತ್ತದೆ. ಅದಾದ ಮೇಲೆ ಹಳೆಯ ರೇಡಿಯೋ ಧ್ವನಿಮುದ್ರಣಗಳಿಗೆ ಹೋಗಿ.

ಕೊನೆಯ ಪ್ರಶ್ನೆ, ನಮ್ಮ ಆಡಿನ ಕೊಂಬು. ಮಾಡಬಹುದು, ಆದರೆ ಸರಿಯಾದ ಕೊಂಬು ಸಿಗುವುದು ಕಷ್ಟ. ಮಾಂಸದಂಗಡಿಗೆ ಬರುವ ಆಡುಗಳು ಎಳೆಯವು, ಕೊಂಬು ಗಿಡ್ಡ, ಗೋಡೆ ತೆಳು. ತಳಿಗೆ ಅಂತ ವರ್ಷಗಟ್ಟಲೆ ಸಾಕಿದ ದೊಡ್ಡ ಹೋತದ ಕೊಂಬು ಬೇಕು. ಕುರಿ ಆಡು ಸಾಕುವವರಿಗೆ ಹೇಳಿಟ್ಟರೆ ಯಾವಾಗಲಾದರೂ ಸಿಗುತ್ತದೆ. ಕೃಷ್ಣಮೃಗದಂಥ ಕಾಡುಪ್ರಾಣಿಯ ಕೊಂಬನ್ನು ಯಾರಾದರೂ ಕೊಡುತ್ತೇನೆ ಅಂದರೆ ಮುಟ್ಟಲೇಬೇಡಿ, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧ.

ಕೊಂಬಿನ ಒಳಗೆ ಮೂಳೆ ಇರುತ್ತದೆ. ನೀರಿನಲ್ಲಿ ಕುದಿಸಿದರೆ, ಇಲ್ಲವೇ ಕೆಲವು ವಾರ ಹೊರಗೆ ಕೊಳೆಯಲು ಬಿಟ್ಟರೆ ಸಡಿಲವಾಗಿ ಜಾರಿ ಬರುತ್ತದೆ. ವಾಸನೆ ಭಯಂಕರ, ಅಡುಗೆಮನೆಯಲ್ಲಂತೂ ಬೇಡ. ಒಣಗಿದ ಮೇಲೆ ಒಳಗೆ ಒಂದು ತಂತಿ ತೂರಿಸಿ, ಟೊಳ್ಳು ಎಲ್ಲಿಯವರೆಗೆ ಇದೆ ಅಂತ ಹೊರಗೆ ಗುರುತು ಹಾಕಿ. ಅದರಿಂದ ಮುಂದಿನ ತುದಿ ಗಟ್ಟಿ. ಆ ಗಟ್ಟಿ ಭಾಗದಲ್ಲಿ ಒಂದಷ್ಟು ಉಳಿಸಿಕೊಂಡು ತುದಿ ಕತ್ತರಿಸಿ, ಸಣ್ಣ ಡ್ರಿಲ್‌ನಿಂದ ಟೊಳ್ಳಿಗೆ ದಾರಿ ಮಾಡಿ, ಹೊರಬಾಯನ್ನು ಬಟ್ಟಲಿನಂತೆ ಅಗಲಿಸಿ. ಎಷ್ಟೋ ಜನ ಟೊಳ್ಳು ಸಿಗುವವರೆಗೂ ಕತ್ತರಿಸಿ ಊದುಬಾಯಿ ಮಾಡುವ ಜಾಗವನ್ನೇ ಕಳೆದುಕೊಳ್ಳುತ್ತಾರೆ. ಮೊದಲು ತೂತಿಲ್ಲದೆಯೇ ಊದಿ, ತಳದ ಸ್ವರ ಚೆನ್ನಾಗಿ ನಿಂತ ಮೇಲೆ ಬೆರಳು ಕೂರುವ ಜಾಗ ಗುರುತಿಸಿ. ತೂತು ಮೊದಲು ಚಿಕ್ಕದಾಗಿ ಕೊರೆಯಿರಿ. ದೊಡ್ಡದು ಮಾಡಿದಂತೆ ಸ್ವರ ಏರುತ್ತದೆ, ಜಾಸ್ತಿಯಾದರೆ ಅಂಚಿಗೆ ಮೇಣ ಹಚ್ಚಿ ಇಳಿಸಬಹುದು. ಕೊರೆಯುವಾಗ, ಉಜ್ಜುವಾಗ ಮಾಸ್ಕ್ ಬೇಕೇ ಬೇಕು, ಕೊಂಬಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮಗಳು ತಂದ ಕೊಂಬನ್ನು ನಮ್ಮ ಹವೆಯಲ್ಲಿ ಕಾಪಾಡುವುದಕ್ಕೂ ಸ್ವಲ್ಪ ಗಮನ ಬೇಕು. ಊದಿದ ಮೇಲೆ ನೀರು ಕೊಡವಿ, ಒಳಗೆ ಗಾಳಿಯಾಡುವಂತೆ ಇಡಿ. ಬಿಸಿಲಲ್ಲಿ, ನಿಂತ ಕಾರಿನ ಒಳಗೆ ಬಿಡಬೇಡಿ, ಶಾಖಕ್ಕೆ ಕೊಂಬು ಸೊಟ್ಟಗಾಗಬಹುದು. ಉಣ್ಣೆ ಬಟ್ಟೆ ತಿನ್ನುವ ಹುಳುಗಳು ಕೊಂಬನ್ನೂ ತಿನ್ನುತ್ತವೆ. ಬೀರುವಿನಲ್ಲಿ ತಿಂಗಳುಗಟ್ಟಲೆ ಮರೆತು ಇಡುವುದೇ ಅದಕ್ಕೆ ದೊಡ್ಡ ಅಪಾಯ. ಸಣ್ಣ ತೂತು, ಪುಡಿ ಕಂಡರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ, ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಡಿ. ನುಸಿಗುಳಿಗೆ ಹಾಕಬೇಡಿ, ಬಾಯಿಗೆ ಇಡುವ ವಸ್ತು ಅದು.